ಬಾಗಿಲು ಹಾಕಿ ಕೇಳಿದ ಪ್ರಶ್ನೆ

1487ನೆಯ ಇಸವಿ, ಈಸ್ಟರ್ ಕಳೆದ ಎರಡನೆಯ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಹ್ಯೂ ರಿಂಡ್‌ನನ್ನು ಕಿನ್‌ಬ್ರೆಕ್ ಚಾವಡಿಯಿಂದ ಹೊರಗೆ ಕಳಿಸಿ ಬಾಗಿಲು ಹಾಕಿದರು. ಅವನ ಹೆಂಡತಿ ಮರಿಯೋಟಾ ಲಾಮಿ ಒಳಗೆ ಉಳಿದಳು.

ಅದರಲ್ಲಿ ವಿಶೇಷವೇನೂ ಇರಲಿಲ್ಲ. ಹೆಂಡತಿಯ ಕಡೆಯಿಂದ ಬಂದ ಜಮೀನು ಕೈ ಬದಲಾಗುವಾಗಲೆಲ್ಲ ಹೀಗೇ ನಡೆಯುತ್ತಿತ್ತು. ಗಂಡ ಹೊರಗೆ ಹೋಗಬೇಕು. ಅವನ ಕಿವಿಗೆ ಬೀಳದ ಹಾಗೆ ಹೆಂಡತಿಯನ್ನು ಒಂದು ಮಾತು ಕೇಳಬೇಕು. ಆಕೆ ಸುವಾರ್ತೆಯ ಪುಸ್ತಕದ ಮೇಲೆ ಕೈಯಿಟ್ಟು, ಇದು ನನ್ನ ಇಷ್ಟ, ಯಾರ ಬಲವಂತವೂ ಇಲ್ಲ ಎನ್ನಬೇಕು. ಅಷ್ಟು ಹೇಳಿದ ಮೇಲೆ ಆ ಜಮೀನನ್ನು ಆಕೆಯಾಗಲಿ ಆಕೆಯ ಮಕ್ಕಳಾಗಲಿ ಮುಂದೆಂದೂ ತಿರುಗಿ ಕೇಳುವಂತಿಲ್ಲ. ಹೊರಗೆ ನಿಂತ ಗಂಡ ಒಂದು ಲೋಟ ಬಿಯರ್ ಕುಡಿದು ಮುಗಿಸುವುದರೊಳಗೆ ಒಳಗಿನ ಕೆಲಸವೂ ಮುಗಿದಿರುತ್ತಿತ್ತು. ಇಲ್ಲ ಎಂದ ಹೆಂಗಸನ್ನು ಕಿನ್‌ಬ್ರೆಕ್‌ನಲ್ಲಿ ಯಾರೂ ಕಂಡಿರಲಿಲ್ಲ.

ಅಂದು ಕೈ ಬದಲಾಗಬೇಕಿದ್ದದ್ದು ಪಿಟ್‌ಕ್ಯಾರೊ. ಅದು ಮರಿಯೋಟಾಳ ತಂದೆಯದು. ಗಂಡುಮಕ್ಕಳಿಲ್ಲದೆ ಅವನು ತೀರಿಕೊಂಡಾಗ ಅವನ ತಮ್ಮ ಹೊಸ ಅಂಗಿ ತೊಟ್ಟು ನ್ಯಾಯಸಭೆಗೆ ಹೋಗಿದ್ದ. ಆದರೆ ಸೀಮೆಯ ಹದಿನೈದು ಮಂದಿ ಗಂಡಸರು ಪ್ರಮಾಣ ಮಾಡಿ, ಸತ್ತವನಿಗೆ ಹತ್ತಿರದ ವಾರಸುದಾರರು ಅವನ ಇಬ್ಬರು ಹೆಣ್ಣುಮಕ್ಕಳೇ, ಹೆಣ್ಣುಮಕ್ಕಳು ಇರುವಾಗ ತಮ್ಮನಿಗೆ ಬರುವುದಿಲ್ಲ ಎಂದು ಹೇಳಿದರು. ಹೊಲ, ಹುಲ್ಲುಗಾವಲು, ಒಲೆಗೆ ಉರುವಲಾಗಿ ಮಣ್ಣಿನ ಹೆಂಟೆ ಕಡಿದು ಒಣಗಿಸುವ ಜೌಗು, ಎಲ್ಲವೂ ಸಮಪಾಲಾಯಿತು. ಮನೆ ಮಾತ್ರ ಹಿರಿಯಳಾದ ಮರಿಯೋಟಾಗೆ ಬಂತು. ಸೀಮೆಯ ಜಮೀನಿಗೆಲ್ಲ ಮೇಲೊಡೆಯನಾದ ಧಣಿಯ ಅಮಲ್ದಾರ ಹೊಲದಲ್ಲೇ ನಿಂತು ಒಂದು ಹಿಡಿ ಮಣ್ಣು, ಒಂದು ಕಲ್ಲು ಎತ್ತಿ ಅವಳ ಕೈಗೆ ಕೊಟ್ಟಿದ್ದ. ಇನ್ನೊಂದು ಹಿಡಿ, ಇನ್ನೊಂದು ಕಲ್ಲು ತಂಗಿ ಎಜಿಡಿಯಾಳ ಕೈಗೆ. ಆಗ ಮರಿಯೋಟಾಗೆ ಹತ್ತೊಂಬತ್ತು ವರ್ಷ.

ಹ್ಯೂ ಅವಳನ್ನು ಮದುವೆಯಾಗಿದ್ದು ಆಮೇಲೆ. ಮೂರನೆಯ ಮಗನಾದ್ದರಿಂದ ಅವನಿಗೆ ತನ್ನದೆಂಬ ಜಮೀನು ಇರಲಿಲ್ಲ. ಸತ್ತುಹೋದ ಮೊದಲ ಹೆಂಡತಿಯಿಂದ ಗಿಲ್ಬರ್ಟ್ ಎಂಬ ಮಗನಿದ್ದ. ಮರಿಯೋಟಾಗೆ ಹುಟ್ಟಿದ್ದು ಇಬ್ಬರು ಹೆಣ್ಣುಮಕ್ಕಳು, ಅನ್ನಬೆಲ್ಲಾ ಮತ್ತು ಎಲೆನ್. ಹ್ಯೂ ಕೆಟ್ಟ ರೈತನಲ್ಲ. ಬೆಳಕು ಹರಿಯುವ ಮುಂಚೆ ನೇಗಿಲ ಹಿಂದೆ ಇರುತ್ತಿದ್ದ, ಕುರಿಗಳಿಗೆ ಕಜ್ಜಿ ಬಂದರೆ ತಾನೇ ಕೂತು ಎಣ್ಣೆ ಸವರುತ್ತಿದ್ದ. ಆ ಸೀಮೆಯಲ್ಲಿ ಜಮೀನುದಾರರನ್ನು ಅವರವರ ಜಮೀನಿನ ಹೆಸರಿನಿಂದಲೇ ಕರೆಯುವುದು. ಅವನನ್ನೂ ಎದುರಿಗೆ ಪಿಟ್‌ಕ್ಯಾರೊ ಎಂದೇ ಕರೆಯುತ್ತಿದ್ದರು. ಅವನ ಬೆನ್ನು ತಿರುಗಿದ ಮೇಲೆ ಮನೆಅಳಿಯ ಎನ್ನುತ್ತಿದ್ದರು. ಪಕ್ಕದ ಜಮೀನಿನ ಬಾಲ್‌ಹ್ಯಾರಿಗೆ ಬೆನ್ನು ತಿರುಗುವವರೆಗೆ ಕಾಯುವ ಅಭ್ಯಾಸವೂ ಇರಲಿಲ್ಲ. ಬ್ರೀಖಿನ್ ಸಂತೆಯಲ್ಲಿ ಹತ್ತು ಜನರ ಮುಂದೆ ಅವನು, "ಹ್ಯೂ, ನೀನು ಸತ್ರೆ ಗೋರಿ ಮೇಲೆ ಏನು ಕೆತ್ತಿಸ್ಬೇಕಪ್ಪಾ? ಮರಿಯೋಟಾನ ಗಂಡ ಅಂತಲಾ?" ಎಂದು ಕೇಳಿದ್ದ.

ವಿನಿಮಯದ ಮಾತು ತಂದವನೂ ಅದೇ ಬಾಲ್‌ಹ್ಯಾರಿ. ಪಿಟ್‌ಕ್ಯಾರೊ ಅವನ ಎರಡು ಹೊಲಗಳ ನಡುವೆ ಬೆಣೆಯ ಹಾಗೆ ಸಿಕ್ಕಿಕೊಂಡಿತ್ತು. ಅದನ್ನು ಕೊಟ್ಟರೆ ಹೊಳೆದಂಡೆಯ ನೆದರ್‌ಟನ್ ಜಮೀನನ್ನು ಹ್ಯೂಗೆ ಬಿಟ್ಟುಕೊಡುವುದಾಗಿ ಹೇಳಿದ. ನೆದರ್‌ಟನ್ ನಿಜಕ್ಕೂ ಒಳ್ಳೆಯ ಜಮೀನು. ಮಣ್ಣು ಕಪ್ಪು, ಕಲ್ಲು ಕಡಿಮೆ, ಬಾರ್ಲಿ ಪಿಟ್‌ಕ್ಯಾರೊದ ಒಂದೂವರೆ ಪಟ್ಟು ಬರುತ್ತಿತ್ತು. ಮರಿಯೋಟಾ ಅದನ್ನು ಯಾವತ್ತೂ ಅಲ್ಲಗಳೆಯಲಿಲ್ಲ.

ನವೆಂಬರಿನಲ್ಲಿ ಪತ್ರ ಬರೆಯುವ ಪಾದ್ರಿ ಮನೆಗೆ ಬಂದು, ಲ್ಯಾಟಿನ್ನಿನಲ್ಲಿದ್ದ ಕರಡನ್ನು ಆಡುಮಾತಿನಲ್ಲಿ ಓದಿ ಹೇಳಿದ. ಅವಳು ನೂಲುತ್ತಾ ಕೇಳಿಸಿಕೊಂಡಳು. ಓದಿ ಮುಗಿದಾಗ ಕದಿರು ನಿಲ್ಲಿಸಿದಳು.

"ಅನ್ನಬೆಲ್ಲಾ ಹೆಸರು ಎಲ್ಲಿ ಬಂತು ಪಾದ್ರಿಗಳೇ? ನಂಗೆ ಕೇಳಿಸ್ಲಿಲ್ಲ."

ಪಾದ್ರಿ ಹ್ಯೂನ ಮುಖ ನೋಡಿದ. ಹೆಸರು ಬಂದಿರಲಿಲ್ಲ. ನೆದರ್‌ಟನ್ ಜಮೀನು ಹ್ಯೂ ರಿಂಡ್‌ಗೆ, ಅವನ ನಂತರ ಅವನ ಗಂಡು ಸಂತಾನಕ್ಕೆ ಎಂದಿತ್ತು. ಮರಿಯೋಟಾಗೆ ಜೀವ ಇರುವವರೆಗೆ ಊಟ, ವಸತಿ. ಗಂಡು ಸಂತಾನ ಎಂದರೆ ಗಿಲ್ಬರ್ಟ್. ಅವಳ ತಂದೆಯ ಮಣ್ಣು ಕೊಟ್ಟು ಪಡೆದ ಮಣ್ಣು ಅವಳ ಹೊಟ್ಟೆಯಲ್ಲಿ ಹುಟ್ಟದ ಮಗನಿಗೆ ಹೋಗುತ್ತಿತ್ತು.

ಪಾದ್ರಿ ಹೋದ ಮೇಲೆ ಹ್ಯೂ ಸಮಾಧಾನದಿಂದಲೇ ಮಾತಾಡಿದ. ಹುಡುಗಿಯರಿಗೆ ಒಳ್ಳೆಯ ವರದಕ್ಷಿಣೆ ಕೊಡೋಣ ಎಂದ, ಗಿಲ್ಬರ್ಟ್ ತಂಗಿಯರನ್ನು ಕೈಬಿಡುವವನಲ್ಲ ಎಂದ. ಕೊನೆಗೆ, "ಜಮೀನು ಹೆಣ್ಣಿಗೆ ಹೋದ್ರೆ ಅಳಿಯನ ಕೈಗೆ ಸಿಗುತ್ತೆ ಕಣೆ. ಯಾವನೋ ಬಂದು ಆಳ್ತಾನೆ," ಎಂದ.

"ಆಳೋದನ್ನ ಹದಿಮೂರು ವರ್ಷದಿಂದ ನೋಡ್ತಾನೇ ಇದೀನಲ್ಲ," ಎಂದಳು ಮರಿಯೋಟಾ.

ಮರಿಯೋಟಾಳ ವಾದ ಸರಳವಾಗಿತ್ತು. ಈಗ ಇರುವ ಸ್ಥಿತಿಯಲ್ಲಿ ಹ್ಯೂಗೆ ಯಾವ ಕೊರತೆಯೂ ಇರಲಿಲ್ಲ. ಮದುವೆ ಇರುವಷ್ಟು ಕಾಲ ಪಿಟ್‌ಕ್ಯಾರೊದ ಬೆಳೆ ಅವನದು. ಅವಳೇ ಮೊದಲು ಸತ್ತರೂ ಅವನ ಜೀವಮಾನ ಪೂರ್ತಿ ಅವನದೇ, ಏಕೆಂದರೆ ಅವರಿಗೆ ಮಕ್ಕಳು ಜೀವಂತ ಹುಟ್ಟಿದ್ದವು, ಅವು ಅತ್ತ ಸದ್ದು ನಾಲ್ಕು ಗೋಡೆಗಳ ಒಳಗೆ ಕೇಳಿತ್ತು. ಕಾಯ್ದೆ ಕೇಳುತ್ತಿದ್ದುದು ಅಷ್ಟನ್ನೇ. ಅನ್ನಬೆಲ್ಲಾಳ ಸದ್ದಂತೂ ಕೊಟ್ಟಿಗೆಯವರೆಗೂ ಕೇಳಿತ್ತು. ಅವನ ಕಾಲದ ನಂತರ ಏನು ಎಂಬುದಷ್ಟೇ ಜಗಳ. ಇದನ್ನೆಲ್ಲ ಅವಳು ಒಂದಕ್ಕಿಂತ ಹೆಚ್ಚು ಸಲ ಹೇಳಿದಳು. ಹ್ಯೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಜನವರಿಯಲ್ಲಿ ಒಂದು ಬೆಳಿಗ್ಗೆ ಅವಳ ಸೊಂಟದಿಂದ ಉಗ್ರಾಣದ ಬೀಗದ ಕೈ ಬಿಚ್ಚಿ ಗಿಲ್ಬರ್ಟ್‌ಗೆ ಕೊಟ್ಟ.

ಅಲ್ಲಿಂದ ಮುಂದೆ ಗಂಜಿಗೆ ಓಟ್ಸ್ ಹಿಟ್ಟು ಬೇಕಾದರೆ ಅವಳು ಗಿಲ್ಬರ್ಟ್‌ನನ್ನು ಕೇಳಬೇಕಾಯಿತು. ಇಪ್ಪತ್ತು ವರ್ಷದ ಆ ಹುಡುಗ ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಅಳೆದು ಕೊಡುತ್ತಿದ್ದ. ಕೊಡುತ್ತಿದ್ದುದು ಮಾತ್ರ ಅಪ್ಪ ಹೇಳಿದಷ್ಟೇ. ಉಪ್ಪು ಹಾಕಿದ ಹೆರಿಂಗ್ ಮೀನಿನ ಪೀಪಾಯಿಗೂ ಬೀಗ ಬಿತ್ತು. ಆಳುಹೆಣ್ಣುಗಳು ಅವಳ ಮಾತಿಗೆ ಕಾಯದೆ ಗಿಲ್ಬರ್ಟ್‌ನ ಮುಖ ನೋಡತೊಡಗಿದರು. ತನ್ನ ಮನೆಯಲ್ಲಿ, ತನ್ನ ಹೊಲದ ಹಿಟ್ಟಿಗೆ ಅವಳು ಬೋಗುಣಿ ಹಿಡಿದು ನಿಂತಳು.

ತಂಗಿ ಎಜಿಡಿಯಾ ಇದ್ದದ್ದು ಹಳ್ಳದ ಆಚೆ, ಜಮೀನಿನ ಉಳಿದರ್ಧದಲ್ಲಿ. ಬಟ್ಟೆ ಒಗೆಯುವಾಗ ಅಕ್ಕತಂಗಿಯರು ಸಿಗುತ್ತಿದ್ದರು. ಚಾವಡಿಯಲ್ಲಿ ಗಂಡನನ್ನು ಹೊರಗೆ ಕಳಿಸಿ ಹೆಂಡತಿಯನ್ನು ಕೇಳುತ್ತಾರಲ್ಲ, ಆಗ ಇಲ್ಲ ಎಂದರೆ ಏನಾಗುತ್ತದೆ ಎಂದು ಮರಿಯೋಟಾ ಕೇಳಿದಳು. ಎಜಿಡಿಯಾ ಬಟ್ಟೆ ಬಡಿಯುವುದನ್ನು ನಿಲ್ಲಿಸಿದಳು. ಹಾಗೆ ಯಾರೂ ಅಂದಿಲ್ಲವಲ್ಲ ಎಂದಳು. ಅಂದರೆ ಜಮೀನು ಬಿಟ್ಟುಕೊಡಲಾಗುವುದಿಲ್ಲ, ಅಷ್ಟು ತನಗೆ ಗೊತ್ತು ಎಂದಳು.

"ಆದ್ರೆ ಅಕ್ಕ, ಕೇಳಿದ್ಮೇಲೆ ಬಾಗ್ಲು ತೆಗೀತಾರಲ್ಲ. ಆಮೇಲೆ?"

"ತೆಗೀಲಿ."

"ಹೊರಗೆ ನಿಂತಿರ್ತಾನೆ."

"ನಿಂತಿರ್ಲಿ. ಹದಿಮೂರು ವರ್ಷ ಒಳಗಿದ್ದ."

ಎಜಿಡಿಯಾ ನಕ್ಕುಬಿಟ್ಟಳು, ಆಮೇಲೆ ಅತ್ತಳು. ಒಪ್ಪಿಬಿಡು, ಅವನ ಜೊತೆ ಒಂದೇ ಸೂರಿನ ಕೆಳಗೆ ಬಾಳಬೇಕು ನೀನು ಎಂದಳು. ಮರಿಯೋಟಾ ಒದ್ದೆ ಹಾಸಿಗೆಬಟ್ಟೆಯ ಒಂದು ತುದಿಯನ್ನು ತಂಗಿಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು ಹಿಂಡತೊಡಗಿದಳು.

ಅದೇ ವಾರ ಅವಳು ಹ್ಯೂಗೆ ಒಪ್ಪಿದೆ ಎಂದಳು. ಅದು ಸುಳ್ಳು, ಹೇಳುವಾಗಲೇ ಅವಳಿಗೆ ಗೊತ್ತಿತ್ತು. ಬೀಗದ ಕೈ ಸೊಂಟಕ್ಕೆ ಮರಳಿತು.

ಒಪ್ಪಿದ್ದೇ ತಡ, ಹ್ಯೂ ಹೆಂಡತಿಗೆ ಪಾಠ ಶುರುಮಾಡಿದ. ಊಟವಾದ ಮೇಲೆ ಒಲೆಯ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂತು, ತಾನೇ ಅಮಲ್ದಾರನಾಗಿ ಪ್ರಶ್ನೆ ಕೇಳುತ್ತಿದ್ದ. ಅವಳು ಉತ್ತರ ಒಪ್ಪಿಸಬೇಕು. ಧ್ವನಿ ಸಣ್ಣದಾಯಿತು, ಇನ್ನೊಮ್ಮೆ ಎನ್ನುತ್ತಿದ್ದ. ಚಳಿಗಾಲ ಮುಗಿಯುವಷ್ಟರಲ್ಲಿ ಮನೆಯವರಿಗೆಲ್ಲ ಅದು ಬಾಯಿಪಾಠವಾಗಿತ್ತು. ಎಂಟು ವರ್ಷದ ಎಲೆನ್, ಇನ್ನೊಂದು ಸೌಟು ಗಂಜಿ ಬೇಕಾ ಎಂದರೆ, "ನನ್ನ ಸ್ವಂತ ಇಷ್ಟದಿಂದ, ಯಾರ ಬಲವಂತವೂ ಇಲ್ಲದೆ," ಎನ್ನುತ್ತಿದ್ದಳು. ಗಿಲ್ಬರ್ಟ್ ಸಹ ನಗುತ್ತಿದ್ದ.

ಇಂಥ ಕೆಲಸ ಚಾವಡಿಯಲ್ಲೇ ಆಗಬೇಕೆಂದಿರಲಿಲ್ಲ. ಅಮಲ್ದಾರ ಪಾದ್ರಿಯನ್ನೂ ತನ್ನ ನಾಲ್ಕು ಜನ ಆಳುಗಳನ್ನೂ ಕರೆದುಕೊಂಡು ಮನೆಗೇ ಬಂದು ಮುಗಿಸಬಹುದಿತ್ತು. ಫೆಬ್ರವರಿಯಲ್ಲಿ ಹ್ಯೂ ಅದನ್ನೇ ಗೊತ್ತುಮಾಡಿದ. ಮರಿಯೋಟಾಗೆ ಅದೇ ಭಯವಿತ್ತು. ಅಮಲ್ದಾರನ ನಾಲ್ಕು ಆಳುಗಳ ಎದುರು ಹೇಳಿದ ‘ಇಲ್ಲ’ ಸಂಜೆಯೊಳಗೆ ‘ಹೌದು’ ಆಗಿಬಿಡುತ್ತದೆ. ಅವಳು ಜ್ವರವೆಂದು ಮಲಗಿದಳು. ಮಾರ್ಚಿನಲ್ಲಿ ಇನ್ನೊಮ್ಮೆ ಮಲಗಿದಳು. ಎದ್ದ ಮೇಲೆ ಗಂಡನಿಗೆ ಹೇಳಿದಳು: ಕದ್ದುಮುಚ್ಚಿ ಮಾಡಿದ ಹಾಗೆ ಯಾಕೆ ಮಾಡುವುದು, ಈಸ್ಟರ್ ಸಭೆಯಲ್ಲೇ ಆಗಲಿ, ಧಣಿಯ ಕೈಕೆಳಗಿನ ಜಮೀನುದಾರರೆಲ್ಲ ಅಲ್ಲಿ ಹಾಜರಿರಲೇಬೇಕು, ನಿಮ್ಮನ್ನು ಮನೆಅಳಿಯ ಅಂದವರೆಲ್ಲ ಕಣ್ಣಾರೆ ನೋಡಲಿ.

ಹ್ಯೂ ಒಂದು ದಿನ ಯೋಚನೆ ಮಾಡಿದ. ಬಾಲ್‌ಹ್ಯಾರಿ ಬೇಡವೆಂದ, ಕೆಲಸ ಬೇಗ ಮುಗಿಯಲಿ ಎಂದ. ಆದರೆ ಹ್ಯೂಗೆ ಸಭೆಗೆ ಬರುವ ಜಮೀನುದಾರರ ಮೂವತ್ತು ಮುಖಗಳು ಕಣ್ಣ ಮುಂದೆ ಬಂದಿದ್ದವು. ಈಸ್ಟರ್ ಸಭೆಯಲ್ಲೇ ಆಗಲಿ ಎಂದುಬಿಟ್ಟ. ಆ ಚಳಿಗಾಲದಲ್ಲಿ ಅವನು ಮಾಡಿದ ತಪ್ಪು ಅದೊಂದೇ.

ಮಂಗಳವಾರ ಬೆಳಿಗ್ಗೆ ಇಬ್ಬರೂ ಒಂದೇ ಕುದುರೆಯ ಮೇಲೆ ಬಂದರು, ಅವಳು ಹಿಂದೆ ಕೂತು. ದಾರಿಯುದ್ದಕ್ಕೂ ಹ್ಯೂ ನೆದರ್‌ಟನ್‌ನಲ್ಲಿ ಕಟ್ಟಬೇಕಾದ ಕೊಟ್ಟಿಗೆಯ ವಿಚಾರ ಮಾತಾಡಿದ. ಚಾವಡಿಯೊಳಗೆ ಒದ್ದೆ ಉಣ್ಣೆಯ ನಾತ, ಹೆಂಟೆಯ ಹೊಗೆ, ಯಾರದೋ ಎರಡು ನಾಯಿ. ಹೆಸರು ಕೂಗಿದಂತೆ ಜಮೀನುದಾರರು ಓಗೊಟ್ಟು ಬೆಂಚುಗಳ ಮೇಲೆ ಕೂತರು. ಎಜಿಡಿಯಾಳ ಗಂಡನೂ ಅವರಲ್ಲಿದ್ದ. ಮುಂದಿನ ಸಾಲಿನಲ್ಲಿ ಮುದುಕ ಮಾಲಿಸ್ ಡೂರಿ ಗಾಯದ ಕಾಲು ಚಾಚಿಕೊಂಡಿದ್ದ. ಮೇಜಿನ ಮೇಲೆ ಪುಸ್ತಕ, ಪಕ್ಕದಲ್ಲಿ ಸಿಪ್ಪೆ ಸುಲಿದ ಒಂದು ಕೋಲು. ಪ್ರಮಾಣವಾದ ಮೇಲೆ ಅವಳು ಮಂಡಿಯೂರಿ ಆ ಕೋಲನ್ನು ಅಮಲ್ದಾರನ ಕೈಗೆ ಕೊಡಬೇಕು. ಕೊಟ್ಟರೆ ಜಮೀನು ಧಣಿಗೆ ಬಿಟ್ಟ ಹಾಗೆ. ಧಣಿಯ ಪರವಾಗಿ ಅಮಲ್ದಾರ ಅದೇ ಕೋಲನ್ನು ಬಾಲ್‌ಹ್ಯಾರಿಗೆ ಕೊಡುತ್ತಾನೆ. ಪಾದ್ರಿ ಎಲ್ಲವನ್ನೂ ಮೊದಲೇ ಬರೆದು ತಂದಿದ್ದ. ಸಾಕ್ಷಿಗಳ ಹೆಸರಿಗೆ ಮಾತ್ರ ಜಾಗ ಬಿಟ್ಟಿದ್ದ.

ಹ್ಯೂ ಹೊರಗೆ ಹೋಗುವಾಗ ಅವಳ ಭುಜ ಮುಟ್ಟಿ, ಧ್ವನಿ ಗಟ್ಟಿ ಇರಲಿ ಎಂದು ನೆನಪು ಮಾಡಿದ.

ಬಾಗಿಲು ಹಾಕಿದರು. ಅಮಲ್ದಾರ ಮುಂದಿನ ವ್ಯಾಜ್ಯದವರ ಹೆಸರುಗಳನ್ನು ನೋಡುತ್ತಲೇ ಕೇಳಿದ:

"ಮರಿಯೋಟಾ ಲಾಮಿ, ಪಿಟ್‌ಕ್ಯಾರೊದಲ್ಲಿ ನಿನ್ನ ಪಾಲನ್ನೂ ಮನೆಯನ್ನೂ ಧಣಿಯ ಕೈಗೆ ಬಿಟ್ಟುಕೊಡೋದು ನಿನ್ನ ಇಷ್ಟವೇನಮ್ಮ? ಯಾರ್ದಾದ್ರೂ ಬಲವಂತ, ಹೆದರಿಕೆ?"

ಅವಳು ಪುಸ್ತಕದ ಮೇಲೆ ಬಲಗೈ ಇಟ್ಟಳು. ಧ್ವನಿ ನಡುಗಲಿಲ್ಲ. ಚಳಿಗಾಲವಿಡೀ ಗಟ್ಟಿಯಾಗಿ ಹೇಳಿ ಅಭ್ಯಾಸವಾಗಿತ್ತು.

"ನಂಗೆ ಇಷ್ಟ ಇಲ್ಲ."

"ಸರಿ, ಬರ್ಕೊಳಿ," ಎಂದ ಅಮಲ್ದಾರ. ಮೂವತ್ತು ವರ್ಷದಿಂದ ಒಂದೇ ಉತ್ತರ ಕೇಳಿದವನು ಉತ್ತರ ಕೇಳುವುದನ್ನೇ ಬಿಟ್ಟಿದ್ದ. ಪಾದ್ರಿಯ ಲೇಖನಿ ಅಲ್ಲಾಡಲಿಲ್ಲ. ಆಕೆ ಒಪ್ಪಲಿಲ್ಲ ಎಂದು ಅವನು ಮೆಲ್ಲಗೆ ತಿಳಿಸಿದ.

ಅಮಲ್ದಾರ ತಲೆ ಎತ್ತಿ ಅವಳನ್ನು ಮೊದಲ ಸಲ ನೋಡಿದ. ಹೆಂಗಸಿಗೆ ಗಾಬರಿಯಾಗಿದೆ ಎಂದು ಬಾಲ್‌ಹ್ಯಾರಿ ಎದ್ದು ನಿಂತು ಹೇಳಿದ. ಅಷ್ಟು ಜನ ಗಂಡಸರ ನಡುವೆ ಹಾಗಾಗುವುದು ಸಹಜ ಎಂದ. ಅಮಲ್ದಾರ ಪ್ರಶ್ನೆಯನ್ನು ಈ ಸಲ ಬಿಡಿಸಿ ಬಿಡಿಸಿ ಕೇಳಿದ. ಅವಳು ಅದೇ ಉತ್ತರ ಕೊಟ್ಟಳು. ಗಂಡ ಹೊಡೆದನೇ ಎಂದು ಕೇಳಿದ. ಇಲ್ಲ, ಹೊಡೆಯಲಿಲ್ಲ ಎಂದಳು. ಕೊಲ್ಲುತ್ತೇನೆ ಎಂದನೇ? ಹಾಗೂ ಅನ್ನಲಿಲ್ಲ. ಉಗ್ರಾಣದ ಬೀಗದ ಕೈ ಕಿತ್ತುಕೊಂಡದ್ದನ್ನು ಹೇಳಿದಳು. ಬೋಗುಣಿ ಹಿಡಿದು ನಿಂತದ್ದನ್ನು ಹೇಳಿದಳು. ಬೆಂಚಿನ ಮೇಲೆ ಒಂದಿಬ್ಬರು ನಕ್ಕರು.

"ಅದು ಮನೆ ವಿಚಾರ ಕಣಮ್ಮ. ಅದನ್ನ ಬಲವಂತ ಅನ್ನಲ್ಲ ಕಾಯ್ದೆ."

"ಅನ್ನದೆ ಇರ್ಲಿ ಬಿಡಿ, ಅಮಲ್ದಾರ್ರೇ. ನೀವು ಕೇಳಿದ್ದು ಎರಡು ಮಾತು. ಬಲವಂತ ಇದೆಯಾ ಅನ್ನೋದು ಎರಡನೇದು. ಮೊದಲನೇದು ಇಷ್ಟ ಇದೆಯಾ ಅಂತ. ಇಷ್ಟ ಇಲ್ಲ. ಪುಸ್ತಕದ ಮೇಲೆ ಕೈ ಇದೆ, ಬೇರೆ ಮಾತು ಹೇಳಕ್ಕಾಗಲ್ಲ."

ನಗು ನಿಂತಿತು. ಗಂಡನನ್ನು ಒಂದು ಗಳಿಗೆ ಒಳಗೆ ಕರೆದು ಇಬ್ಬರೂ ಮಾತಾಡಿಕೊಳ್ಳಲಿ ಎಂದು ಬಾಲ್‌ಹ್ಯಾರಿ ಸೂಚಿಸಿದ. ಅಮಲ್ದಾರ ಬಾಗಿಲಿನವನಿಗೆ ಕೈಸನ್ನೆ ಮಾಡಲು ಹೊರಟ.

"ಕರೀರಿ," ಎಂದಳು ಮರಿಯೋಟಾ. "ಅವ್ರು ಒಳಗೆ ಬಂದ್ಮೇಲೆ ನಾನು ಹೂಂ ಅಂದ್ರೂ ಅದು ಲೆಕ್ಕಕ್ಕಿಲ್ಲ. ಗಂಡನ ಎದುರು ಹೇಳಿದ್ದು ಹೇಳಿದ್ದಲ್ಲ ಅಂತ ನೀವೇ ತಾನೆ ಹೊರಗೆ ಕಳಿಸಿದ್ದು?"

ಆಗ ಮಾಲಿಸ್ ಡೂರಿ ಕೆಮ್ಮಿದ. ಅವನಿಗೂ ಮರಿಯೋಟಾಗೂ ವಿಶ್ವಾಸವೇನೂ ಇರಲಿಲ್ಲ. ಒಮ್ಮೆ ಅವನ ಹಂದಿಗಳ ವಿಷಯಕ್ಕೆ ಜಗಳವಾಗಿ ಎರಡು ವರ್ಷ ಮಾತು ಬಿಟ್ಟಿದ್ದರು.

"ಆಕೆ ಹೇಳೋದು ಸರಿಯಾಗೇ ಇದೆ, ಅಮಲ್ದಾರ್ರೇ. ನನ್ನ ಮೇಲಿನ ಹೊಲ ನಾನು ಕೊಂಡಿದ್ದು ಆಂಡ್ರೂ ಹೆಂಡ್ತಿ ಇದೇ ಪುಸ್ತಕ ಮುಟ್ಟಿ ಹೇಳಿದ ಮಾತಿನ ಮೇಲೆ. ಇವತ್ತು ಇಲ್ಲ ಅಂದಿದ್ದನ್ನ ನೀವು ಹೌದು ಮಾಡಿದ್ರೆ, ನಾಳೆ ಆಂಡ್ರೂ ಮಕ್ಕಳು ಬಂದು ನಮ್ಮವ್ವನ ಹೌದು ಕೂಡ ನೀವೇ ಮಾಡಿದ್ದು ಅಂತಾರೆ. ಆಗ ನನ್ನ ಹೊಲದ ಗತಿ ಏನು?"

ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನರ ಜಮೀನಿನ ಯಾವುದೋ ಒಂದು ತುಂಡು ಯಾರದೋ ಹೆಂಡತಿಯ ಪ್ರಮಾಣದ ಮೇಲೆ ನಿಂತಿತ್ತು. ಪಿಟ್‌ಕ್ಯಾರೊ ಯಾರಿಗೆ ಹೋದರೆ ಅವರಿಗೇನು. ಆದರೆ ತಮ್ಮ ತುಂಡುಗಳ ನೆನಪು ಎಲ್ಲರಿಗೂ ಒಟ್ಟಿಗೇ ಆಯಿತು. ಎಜಿಡಿಯಾಳ ಗಂಡ ಎದ್ದು, ಮಾಲಿಸ್ ಹೇಳಿದ್ದೇ ತನ್ನ ಮಾತೂ ಎಂದ. ಹಿಂದಿನ ಸಾಲಿನಿಂದ ಇನ್ನೂ ಮೂವರು ಹಾಗೇ ಎಂದರು.

ಅಮಲ್ದಾರ ಮೂಗು ತಿಕ್ಕಿಕೊಂಡ. ಧಣಿಗೆ ಇದರಿಂದ ಬರಬೇಕಾದ ಕಾಣಿಕೆ ತಪ್ಪುತ್ತದೆ, ನಿನ್ನ ಮೇಲೆ ಧಣಿಗೆ ಸಿಟ್ಟು ಬರುತ್ತದೆ ಎಂದು ಅವಳಿಗೆ ಹೇಳಿದ. ಬರಲಿ ಎಂದಳು. ಗಂಡನಿಗೆ ಇಷ್ಟು ದಿನ ಬೇರೆ ಮಾತು ಹೇಳಿ ನಂಬಿಸಿದ್ದು ತಪ್ಪಲ್ಲವೇ ಎಂದ. ತಪ್ಪೇ, ಅದನ್ನು ಪಾಪನಿವೇದನೆಯಲ್ಲಿ ಹೇಳಿಕೊಳ್ಳುತ್ತೇನೆ, ಚಾವಡಿಯಲ್ಲಲ್ಲ ಎಂದಳು. ಅವನು ಕೋಲನ್ನು ಮೇಜಿನಿಂದ ಎತ್ತಿ ಗೋಡೆಗೆ ಒರಗಿಸಿದ.

"ನಾನು ಇಲ್ಲ ಅಂದಿದ್ದನ್ನೂ ಬರೀರಿ ಪಾದ್ರಿಗಳೇ," ಎಂದಳು ಮರಿಯೋಟಾ. "ಹೌದು ಅಂದ್ರೆ ಬರೀತಿದ್ರಲ್ಲ."

ಪಾದ್ರಿ ಅಮಲ್ದಾರನ ಕಡೆ ನೋಡಿದ. ಅಮಲ್ದಾರ ಬೆಂಚುಗಳ ಕಡೆ ನೋಡಿ, ಬರಿ ಎಂದ. ಬಿಟ್ಟಿದ್ದ ಜಾಗದಲ್ಲಿ ಸೇರಬೇಕಿದ್ದ ಸಾಕ್ಷಿಗಳ ಹೆಸರುಗಳು ಬೇರೊಂದು ಹಾಳೆಯ ಕೆಳಗೆ ಸೇರಿದವು. ಮೊದಲನೆಯದು ಮಾಲಿಸ್ ಡೂರಿಯದು.

ಬಾಗಿಲು ತೆಗೆದಾಗ ಹ್ಯೂ ಕೈಯಲ್ಲಿ ಖಾಲಿ ಲೋಟ ಹಿಡಿದು ನಗುತ್ತಾ ಒಳಗೆ ಬಂದ. ಈ ಸಲ ಸ್ವಲ್ಪ ಹೊತ್ತು ಹಿಡಿಯಿತಲ್ಲ ಎಂದ. ಎಂದೂ ಬಾಯಿ ಮುಚ್ಚದ ಬಾಲ್‌ಹ್ಯಾರಿ ತನ್ನ ಬೂಟು ನೋಡುತ್ತಿದ್ದ. ಹೆಂಡತಿ ಒಪ್ಪಲಿಲ್ಲ, ವಿನಿಮಯ ಆಗುವುದಿಲ್ಲ ಎಂದು ಅಮಲ್ದಾರನೇ ಹೇಳಿ, ಮುಂದಿನವರ ಹೆಸರು ಕೂಗಿಸಿದ.

ಹ್ಯೂನ ಮುಖ ಕೆಂಪಾಗಲಿಲ್ಲ, ಬಿಳಚಿತು. ಅವನು ನೋಡಿದ್ದು ಹೆಂಡತಿಯನ್ನಲ್ಲ, ಆ ಮೂವತ್ತು ಮುಖಗಳನ್ನು. ಅವಳಿಗೆ ಅವನ ಮೇಲೆ ಆ ಕ್ಷಣ ಕನಿಕರ ಬಂತು. ಆದರೂ ಹೇಳಿದ ಮಾತಿನಲ್ಲಿ ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಅಂಗಳದಲ್ಲಿ ಅವನು ಕುದುರೆ ಬಿಚ್ಚಿದ. ಅವಳು ಹತ್ತಿರ ಬಂದು ನಿಂತಳು. ಬಹಳ ಹೊತ್ತು ಅವನು ಜೀನಿನ ಪಟ್ಟಿಯ ಗಂಟನ್ನೇ ಎಳೆಯುತ್ತಿದ್ದ.

"ನನ್ನ ಹಿಂದೆ ಹತ್ತಬೇಡ," ಎಂದ ಕೊನೆಗೆ.

"ಇಲ್ಲ. ನಡ್ಕೊಂಡು ಬರ್ತೀನಿ."

"ಎಲ್ಲಿಗೆ?"

"ನನ್ನ ಮನೆಗೆ. ನೀವೂ ಬನ್ನಿ. ಬರ್ಬೇಡಿ ಅಂತ ನಾನು ಅಂದಿಲ್ಲ."

ಅವನು ಕುದುರೆ ಹತ್ತಿ ಹೊರಟ. ಅವಳು ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಸರು ದಾರಿಯಲ್ಲಿ ನಡೆದಳು. ಅರ್ಧ ದಾರಿಯಲ್ಲಿ ಎಜಿಡಿಯಾಳ ಗಂಡ ತನ್ನ ಕುದುರೆ ನಿಲ್ಲಿಸಿ ಹತ್ತಲು ಹೇಳಿದ. ಬೇಡ ಎಂದಳು. ಅವನು ಇಳಿದು, ಲಗಾಮು ಹಿಡಿದು, ಪಕ್ಕದಲ್ಲೇ ನಡೆದ.

ಗುರುವಾರ ಹ್ಯೂ ಗಿಲ್ಬರ್ಟ್‌ನನ್ನು ಕರೆದುಕೊಂಡು ಪಿಟ್‌ಕ್ಯಾರೊದ ಎಂಟು ಎತ್ತುಗಳನ್ನೂ ತನ್ನ ಅಣ್ಣನ ಊರಿಗೆ ಹೊಡೆದುಕೊಂಡು ಹೋದ. ಕಾಯ್ದೆಯ ಪ್ರಕಾರ ನೆಲ ಅವಳದು, ಎತ್ತು ಅವನವು. ಮರಿಯೋಟಾ ತಡೆಯಲಿಲ್ಲ. ತಂಗಿಯ ನಾಲ್ಕು ಎತ್ತುಗಳ ಜೊತೆ ಮಾಲಿಸ್ ಡೂರಿಯ ನಾಲ್ಕನ್ನು ಬಾಡಿಗೆಗೆ ಕಟ್ಟಿಸಿ, ಎರಡು ವಾರ ತಡವಾಗಿ ಬಾರ್ಲಿ ಬಿತ್ತಿದಳು. ಬೇಸಿಗೆಯಲ್ಲಿ ಬಾಲ್‌ಹ್ಯಾರಿ ನೆದರ್‌ಟನ್ನನ್ನು ಬೇರೊಬ್ಬನಿಗೆ ಕೊಟ್ಟುಬಿಟ್ಟ. ಸೆಪ್ಟೆಂಬರಿನಲ್ಲಿ ಹ್ಯೂ, ಎರಡು ಎತ್ತುಗಳನ್ನು ಮೇವಿನ ಲೆಕ್ಕಕ್ಕೆ ಅಣ್ಣನಿಗೆ ಬಿಟ್ಟು, ಉಳಿದ ಆರು ಎತ್ತುಗಳೊಂದಿಗೆ ಪಿಟ್‌ಕ್ಯಾರೊದ ಕೊಯ್ಲಿಗೆ ವಾಪಸು ಬಂದ.